2006ರ ಪಜೆರೊ ಕೊಳ್ಳಲು ಹೊರಟಿದ್ದೇನೆ, ಬೈಯುವವರು ಈಗಲೇ ಬೈದುಬಿಡಿ

ಎರೆಹೊಲ, ಬಳ್ಳಾರಿ

ನಮಸ್ಕಾರ. ಮನೆಯಲ್ಲಿ ಈಗಾಗಲೇ ಬೈಸಿಕೊಂಡಿದ್ದೇನೆ, ಇಲ್ಲಿಯೂ ಬೈಸಿಕೊಳ್ಳಲು ಸಿದ್ಧನಾಗಿಯೇ ಬಂದಿದ್ದೇನೆ.

ಸಿರುಗುಪ್ಪ ರಸ್ತೆಯಲ್ಲಿ ನಮ್ಮದು ಮೆಣಸಿನಕಾಯಿ ಹೊಲ, ಪೂರ್ತಿ ಎರೆ ಮಣ್ಣು. ಮಳೆ ಬಿದ್ದ ಮೂರು ದಿನ ಅಲ್ಲಿಗೆ ಕಾರು ಒಯ್ಯುವುದೆಂದರೆ ಟ್ರ್ಯಾಕ್ಟರಿನವನಿಗೆ ಮುಂಗಡ ಕೊಟ್ಟು ಹೊರಟಂತೆ. ನಾಲ್ಕೂ ಚಕ್ರ ಎಳೆಯುವ ಗಾಡಿಯೊಂದು ಬೇಕೆಂದು ಎರಡು ವರ್ಷದಿಂದ ಹುಡುಕುತ್ತಿದ್ದೆ. ಹೊಸದಕ್ಕೆ ಕೈ ಹಾಕುವಷ್ಟು ಮೆಣಸಿನಕಾಯಿಗೆ ರೇಟು ಸಿಕ್ಕಿಲ್ಲ. ಈಗ ಕಂಟೋನ್ಮೆಂಟ್ ಕಡೆಯ ಒಂದು ಮನೆಯಲ್ಲಿ ತಾಡಪತ್ರಿ ಹೊದ್ದು ನಿಂತಿರುವ ಮಿತ್ಸುಬಿಷಿ ಪಜೆರೊ ಎಸ್‌ಎಫ್‌ಎಕ್ಸ್ ಕಣ್ಣಿಗೆ ಬಿದ್ದಿದೆ. 2006ರದು, ಕೆಎ 34, 2.8 ಲೀಟರ್ ಡೀಸೆಲ್, ಈಗಿನವರು ಎರಡನೇ ಮಾಲೀಕರು. ಮೀಟರ್ 1,18,000 ಕಿಲೋಮೀಟರ್ ಎನ್ನುತ್ತದೆ. ಬ್ರೇಕ್ ಪೆಡಲಿನ ರಬ್ಬರ್ ಬೇರೆ ಲೆಕ್ಕ ಹೇಳುತ್ತದೆ: ಗೆರೆಗಳೆಲ್ಲ ಸವೆದು ನುಣ್ಣಗಾಗಿ ಮೂಲೆಯಲ್ಲಿ ಕಬ್ಬಿಣ ಇಣುಕುತ್ತಿದೆ. ಕೇಳುತ್ತಿರುವುದು 4.75 ಲಕ್ಷ.

ಇದು ಯಾವ ಕಾಲದ ಗಾಡಿ ಎಂದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೆಳಗ್ಗೆ ಬೆಳ್ಳಗೆ ಸಂಡೂರಿನ ಕಡೆ ಹೋಗಿ ಸಂಜೆ ಕೆಂಪಗೆ ತಿರುಗಿ ಬರುತ್ತಿದ್ದ ಗಾಡಿಗಳಲ್ಲಿ ಇದೂ ಒಂದು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲೆ ಇಂಥವು ಎಷ್ಟೋ ಊರು ಬಿಟ್ಟವು, ಕೆಲವು ಹೀಗೆ ಷೆಡ್ಡಿನಲ್ಲಿ ಉಳಿದವು. ಕಿಟಕಿಗಳಿಗೆ ಇನ್ನೂ ಆ ಕಾಲದ ಕಪ್ಪು ಫಿಲ್ಮ್ ಇದೆ, ಮುಂದೆ ಕೋಣದ ಕೊಂಬಿನಂಥ ಗಾರ್ಡ್ ಇದೆ.

ಕೊಳ್ಳಬಹುದೇ? ಕೊಳ್ಳುವ ಮೊದಲು ಏನು ನೋಡಬೇಕು?

ಮಾನ್ವಿ ರಸ್ತೆ, ರಾಯಚೂರು

ಬೈಗುಳದ ಬೋಣಿ ನನ್ನಿಂದಲೇ ಆಗಲಿ. ಆರು ವರ್ಷದ ಹಿಂದೆ ನಾನೂ ಹೀಗೆಯೇ ತಾಡಪತ್ರಿ ಎತ್ತಿ ನೋಡಿ ಮರುಳಾದವನು.

ಹೈದರಾಬಾದಿನಿಂದ ತಂದದ್ದು ದೊಡ್ಡ ಹೆಸರಿನ ಫಾರಿನ್ ಗಾಡಿ. ಹೆಸರು ಬೇಡ, ಗಾಯ ಇನ್ನೂ ಹಸಿಯಾಗಿದೆ. ಅದು ಸ್ಪ್ರಿಂಗ್ ಮೇಲಲ್ಲ, ಗಾಳಿ ಚೀಲಗಳ ಮೇಲೆ ನಿಲ್ಲುವ ಗಾಡಿ. ಮೊದಲ ಬೇಸಿಗೆಯಲ್ಲೇ ಹಿಂದಿನ ಎಡ ಚೀಲ ಬಿರುಕು ಬಿಟ್ಟಿತು. ಸೋರುವ ಚೀಲಕ್ಕೆ ಗಾಳಿ ತುಂಬಿ ತುಂಬಿ ಕಂಪ್ರೆಸರ್ ಸುಟ್ಟಿತು. ಬೆಳಗ್ಗೆ ಎದ್ದು ನೋಡಿದರೆ ಮನೆ ಮುಂದೆ ಎತ್ತು ಮಲಗಿದ ಹಾಗೆ ಒಂದು ಮಗ್ಗುಲಾಗಿ ಮಲಗಿರುತ್ತಿತ್ತು. ಊರಿನ ಮೇಸ್ತ್ರಿಗಳು ಬಾನೆಟ್ ಎತ್ತಿದರು, ಒಳಗಿನ ಪ್ಲಾಸ್ಟಿಕ್ ಮುಚ್ಚಳಗಳನ್ನು ನೋಡಿದರು, ಗೌರವದಿಂದ ಬಾನೆಟ್ ಮುಚ್ಚಿದರು. ಅದರ ಕಂಪ್ಯೂಟರಿನ ಮಾತು ತಿಳಿಯುವ ಯಂತ್ರಕ್ಕಾಗಿ ಮೂರು ಸಲ ಹೈದರಾಬಾದಿಗೆ ಲಾರಿಯ ಮೇಲೆ ಹೇರಿ ಕಳಿಸಿದೆ. ಗಾಡಿ ನನ್ನನ್ನು ಹೊತ್ತದ್ದಕ್ಕಿಂತ ಲಾರಿ ಗಾಡಿಯನ್ನು ಹೊತ್ತದ್ದೇ ಹೆಚ್ಚು. ಒಂಬತ್ತು ಲಕ್ಷಕ್ಕೆ ಕೊಂಡೆ, ಎರಡೂವರೆಗೆ ಕೊಟ್ಟೆ. ಒಯ್ದವನಿಗೆ ಟೀ ಸಹ ಕುಡಿಸಿ ಕಳಿಸಿದೆ.

ಬೇಡ ಅಣ್ಣ. ಟ್ರ್ಯಾಕ್ಟರಿನವನಿಗೆ ಮುಂಗಡ ಕೊಡುವುದೇ ಅಗ್ಗ.

ತೋರಣಗಲ್ಲು ಡೀಸೆಲ್

ರಾಯಚೂರಿನವರ ನೋವು ನಿಜ. ಆದರೆ ಎರಡೂ ಗಾಡಿಗಳನ್ನು ಒಂದೇ ಹಗ್ಗದಲ್ಲಿ ಕಟ್ಟುವುದು ಸರಿಯಲ್ಲ. ನಾನು ಇಪ್ಪತ್ತೆರಡು ವರ್ಷದಿಂದ ಡಂಪರುಗಳ ಎಂಜಿನ್ ಬಿಚ್ಚುತ್ತಿರುವವನು, ಅದೇ ಕಣ್ಣಿನಿಂದ ಹೇಳುತ್ತೇನೆ.

ಈ ಪಜೆರೊ ನಮ್ಮಲ್ಲಿ 2002ರಿಂದ 2012ರ ತನಕ ಮಾರಾಟವಾಯಿತು, ಆದರೆ ಅದರ ಮೂಲ ವಿನ್ಯಾಸ 1991ರದು. ಲಾರಿಯ ಹಾಗೆ ಪ್ರತ್ಯೇಕ ಚಾಸಿ, ಹಿಂದೆ ಸಾದಾ ಕಾಯಿಲ್ ಸ್ಪ್ರಿಂಗ್, ಮುಂದೆ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್ ಸಲಾಕೆ. 4ಎಂ40 ಎಂಜಿನ್, ಕಾಮನ್ ರೈಲ್ ಎಂಬ ಈಚಿನ ಡೀಸೆಲ್ ವ್ಯವಸ್ಥೆ ಬರುವ ಮೊದಲಿನ ಪಂಪು. ಇದೇ ಎಂಜಿನ್ನನ್ನು ಹೊರದೇಶಗಳಲ್ಲಿ ಸಣ್ಣ ಲಾರಿಗೂ ಕೂರಿಸಿದ್ದರು. ಬಳ್ಳಾರಿಯಲ್ಲಿ ಲಾರಿ ಪಂಪ್ ಬಿಚ್ಚಿ ಕ್ಯಾಲಿಬ್ರೇಷನ್ ಮಾಡುವವರಿಗೆ, ರೇಡಿಯೇಟರ್ ಅಂಗಡಿಗಳಿಗೆ, ಲೇತ್ ಕೆಲಸದವರಿಗೆ ಏನು ಕೊರತೆ? ಗಾಡಿ ಎಷ್ಟು ಹಳೆಯದು ಎನ್ನುವುದಕ್ಕಿಂತ, ಅದನ್ನು ಬಿಚ್ಚಿ ಮತ್ತೆ ಕೂರಿಸುವ ಕೈ ನಿಮ್ಮ ಊರಿನಲ್ಲಿ ಇದೆಯೇ ಎಂದು ಕೇಳಿ. ಈ ಗಾಡಿಗೆ ಇದೆ.

ಇನ್ನು ನೋಡಬೇಕಾದದ್ದು. ಈ ಎಂಜಿನ್ನಿನ ಶತ್ರು ಬಿಸಿ. ಒಮ್ಮೆ ಚೆನ್ನಾಗಿ ಕಾದರೆ ಸಿಲಿಂಡರ್ ಹೆಡ್ ಬಿರುಕು ಬಿಡುತ್ತದೆ, ಆ ಬಿರುಕು ಹೊರಗೆ ಕಾಣುವುದಿಲ್ಲ. ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗಿ. ಸ್ಟಾರ್ಟ್ ಮಾಡುವ ಮೊದಲು ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಪೈಪನ್ನು ಹಿಂಡಿ ನೋಡಿ. ಮೆತ್ತಗಿರಬೇಕು. ರಾತ್ರಿಯೆಲ್ಲ ನಿಂತ ಗಾಡಿಯ ಪೈಪು ಬೆಳಗ್ಗೆಯೂ ಗಟ್ಟಿಯಾಗಿದ್ದರೆ ಸಿಲಿಂಡರಿನ ಒತ್ತಡ ನೀರಿಗೆ ನುಗ್ಗುತ್ತಿದೆ ಎಂದು ತಿಳಿದು, ಮಾತು ಬೆಳೆಸದೆ ಚಪ್ಪಲಿ ಮೆಟ್ಟಿಕೊಂಡು ಬಂದುಬಿಡಿ. ಪೈಪು ಮೆತ್ತಗಿದ್ದರೆ ಸ್ಟಾರ್ಟ್ ಮಾಡಿ ಮುಂಭಾಗದ ಸದ್ದಿಗೆ ಕಿವಿ ಕೊಡಿ. ಇದಕ್ಕೆ ಟೈಮಿಂಗ್ ಬೆಲ್ಟ್ ಇಲ್ಲ, ಚೈನು. ಚೈನು ಸಡಿಲವಾಗಿದ್ದರೆ ತಣ್ಣಗಿರುವಾಗಲೇ ಗಲಗಲ ಎನ್ನುತ್ತದೆ. ಆಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಸ್ವಲ್ಪ ಆವಿ ಬಂದರೆ ಚಿಂತೆಯಿಲ್ಲ, ಇಡ್ಲಿ ಪಾತ್ರೆಯ ಹಾಗೆ ಉಗುಳಿದರೆ ರಿಂಗು ಪಿಸ್ಟನ್ ಮುಗಿದಿವೆ.

ಬಣ್ಣ ನೋಡಬೇಡಿ. ಬಣ್ಣ ಯಾರು ಬೇಕಾದರೂ ಬಳಿಯುತ್ತಾರೆ.

ಹಳೇ ಬೆಲ್ಲ, ಹೊಸಪೇಟೆ

ಬಣ್ಣದ ಬಗ್ಗೆ ಅಷ್ಟು ಹಗುರವಾಗಿ ಮಾತನಾಡಬೇಡಿ ಡೀಸೆಲ್ ಅವರೇ. ಇಂಥ ಗಾಡಿಯ ಕೆಳಗಿನ ಅರ್ಧದ ಬೇರೆ ಬಣ್ಣ, ಬಾಗಿಲಿನ ಪಟ್ಟಿ, ಒಳಗಿನ ಬಟ್ಟೆ ಇವೆಲ್ಲ ಇದ್ದ ಹಾಗೆ ಉಳಿದಿದ್ದರೆ ಅದಕ್ಕೊಂದು ಬೆಲೆ ಇದೆ. ಗ್ಯಾರೇಜಿನವರು ಎಲ್ಲಕ್ಕೂ ಕಪ್ಪು ಬಳಿದು, ಎಲ್‌ಇಡಿ ಪಟ್ಟಿ ಅಂಟಿಸಿ, ಮೈಸೂರು ದಸರಾ ಮಾಡಿಬಿಡುತ್ತಾರೆ. ದಯವಿಟ್ಟು ಮೂಲ ರೂಪ ಕೆಡಿಸಬೇಡಿ.

ಕಾಗದಪತ್ರ, ಕೊಪ್ಪಳ

ನೀವು ಹೋಸ್ ಪೈಪು ಹಿಂಡುವ ಮೊದಲು ಆರ್‌ಸಿ ಹಿಂಡಬೇಕು. ನನ್ನ ಕೆಲಸವಿದ್ದದ್ದೇ ಕಾಗದಗಳ ನಡುವೆ, ನಿವೃತ್ತನಾದರೂ ಚಟ ಹೋಗಿಲ್ಲ.

2006ರ ಗಾಡಿಗೆ 2021ರಲ್ಲಿ 15 ವರ್ಷ ತುಂಬಿದೆ. ಆಗ ನೋಂದಣಿ ನವೀಕರಣ ಆಗಿದೆಯೇ? ಆಗಿದ್ದರೆ ಐದು ವರ್ಷಕ್ಕೆ, ಎಂದರೆ 2026ಕ್ಕೆ ಮತ್ತೆ ಬರುತ್ತದೆ. 15 ದಾಟಿದ ಕಾರಿಗೆ ಕೇಂದ್ರದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. 20 ದಾಟಿದರೆ 2025ರ ಆಗಸ್ಟ್ ತಿದ್ದುಪಡಿಯ ಪ್ರಕಾರ 10,000. ಹಸಿರು ತೆರಿಗೆ ಬೇರೆ. ಆ ಕಪ್ಪು ಫಿಲ್ಮ್ 2012ರ ಸುಪ್ರೀಂ ಕೋರ್ಟ್ ಆದೇಶದಿಂದಲೇ ನಿಷಿದ್ಧ. ಕೋಣದ ಕೊಂಬನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿ ಬೇಡವೆಂದಿದೆ. ಇವೆರಡನ್ನೂ ಇಟ್ಟುಕೊಂಡು ಎಫ್‌ಸಿಗೆ ಹೋದರೆ ಹೋದ ದಾರಿಯಲ್ಲೇ ತಿರುಗಿ ಬರುತ್ತೀರಿ.

ಮುಖ್ಯವಾದದ್ದು ಇನ್ನೊಂದಿದೆ. ಆರ್‌ಸಿಯಲ್ಲಿ ಹೈಪಾಥಿಕೇಷನ್ ಸಾಲು, ಎಂದರೆ ಸಾಲ ಕೊಟ್ಟವರ ಹೆಸರು, ಇದೆಯೇ ನೋಡಿ. ಆ ಕಾಲದ ಗಾಡಿಗಳು ಹೆಚ್ಚಿನವು ಸಾಲದ ಮೇಲೆ ಬಂದವು. ಸಾಲ ತೀರಿರುತ್ತದೆ, ಕಾಗದದಿಂದ ಹೆಸರು ತೆಗೆಸಿರುವುದಿಲ್ಲ.

ಎರೆಹೊಲ, ಬಳ್ಳಾರಿ

ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನದ ಕಥೆ ಕೇಳಿ.

ನಿನ್ನೆ ಬೆಳಗ್ಗೆ ಏಳಕ್ಕೆ ಬರುತ್ತೇನೆಂದು ಮೊದಲೇ ಫೋನು ಮಾಡಿ ಹೋದೆ. ಮಾಲೀಕರು ಕಾಫಿ ಕೊಟ್ಟರು. ನಾನು ಡೀಸೆಲ್ ಅವರ ಮಾತು ನೆನೆದು ಬಾನೆಟ್ ಮೇಲೆ ಸುಮ್ಮನೆ ಅಂಗೈ ಇಟ್ಟೆ. ದೋಸೆ ಹಂಚಿನ ಹಾಗೆ ಕಾದಿತ್ತು! ‘ಬೆಳಗ್ಗೆ ಮಗ ಸ್ವಲ್ಪ ಓಡಿಸಿದ’ ಎಂದರು. ಮಗ ಬೆಂಗಳೂರಿನಲ್ಲಿದ್ದಾನೆಂದು ಅವರೇ ಹಿಂದಿನ ವಾರ ಹೇಳಿದ್ದರು. ನಾನು ಏನೂ ಅನ್ನದೆ ಬಂದೆ.

ಇವತ್ತು ಹೇಳದೆ ಕೇಳದೆ ಐದೂವರೆಗೆ ಹೋಗಿ ಗೇಟಿನ ಮುಂದೆ ನಿಂತೆ. ಲುಂಗಿಯಲ್ಲೇ ಹೊರಬಂದರು, ಮುಖ ಸ್ವಲ್ಪ ಚಿಕ್ಕದಾಗಿತ್ತು. ಹೋಸ್ ಪೈಪು ಮೆತ್ತಗಿತ್ತು. ಸ್ಟಾರ್ಟ್ ಮಾಡಿದಾಗ ಮೊದಲ ನಾಲ್ಕೈದು ಸೆಕೆಂಡು ಚೈನು ಗಲಗಲ ಎಂದು ಆಮೇಲೆ ಸುಮ್ಮನಾಯಿತು. ಅವರು ಮುಚ್ಚಿಡಲು ಹೊರಟದ್ದು ಇದನ್ನೇ ಇರಬೇಕು. ಆಯಿಲ್ ಮುಚ್ಚಳದಲ್ಲಿ ಎಳೆ ಹೊಗೆ ಅಷ್ಟೇ. ರೇಡಿಯೇಟರಿಗೂ ಅದರ ಮುಂದಿನ ಎಸಿ ಕಂಡೆನ್ಸರಿಗೂ ನಡುವೆ ಟಾರ್ಚ್ ಬಿಟ್ಟು ನೋಡಿದರೆ ಆಚೆಯ ಬೆಳಕೇ ಕಾಣಿಸಲಿಲ್ಲ. ಗಣಿ ಧೂಳು ನೀರು ಕುಡಿದು ಕುಡಿದು ಹೆಪ್ಪುಗಟ್ಟಿ ಇಟ್ಟಿಗೆಯಾಗಿದೆ. ಸ್ಕ್ರೂಡ್ರೈವರಿನಿಂದ ಕೆದಕಿದರೆ ಬಿಲ್ಲೆ ಬಿಲ್ಲೆಯಾಗಿ ಬಿದ್ದಿತು, ಒಂದನ್ನು ಮನೆಗೆ ತಂದು ಮಗಳಿಗೆ ತೋರಿಸಿದೆ. ಟೈರಿನ ಮೇಲೆ 2314 ಎಂದಿದೆ, ಎಂದರೆ 2014ರ 23ನೇ ವಾರದ್ದು. ಗುಂಡಿ ಇನ್ನೂ ಆಳವಾಗಿದ್ದರೂ ರಬ್ಬರು ಹಪ್ಪಳವಾಗಿದೆ.

ಕಾಗದಪತ್ರದವರೇ, ನೀವು ಹೇಳಿದ್ದು ಮಾತಿಗೆ ಮಾತು ನಿಜವಾಯಿತು. 2009ರಲ್ಲೇ ತೀರಿದ ಸಾಲದ ಹೆಸರು ಆರ್‌ಸಿಯಲ್ಲಿ ಇನ್ನೂ ಕುಳಿತಿದೆ. ‘ಅದೇನೂ ಆಗುವುದಿಲ್ಲ ಬಿಡಿ’ ಎನ್ನುತ್ತಾರೆ.

ಕಾಗದಪತ್ರ, ಕೊಪ್ಪಳ

ಏನೂ ಆಗುವುದಿಲ್ಲ ಎನ್ನುವವರಿಗೇ ಅದನ್ನು ಆಗಿಸಿಕೊಡಲು ಹೇಳಿ. ಸಾಲ ಕೊಟ್ಟವರ ಎನ್‌ಒಸಿ, ಆ ಹೆಸರು ತೆಗೆಸುವ ನಮೂನೆ 35 ಎರಡೂ ಕೈಗೆ ಬಂದ ಮೇಲೆ ಉಳಿದ ಹಣ. ಈಗ ಹತ್ತು ಸಾವಿರ ಮುಂಗಡ ಕೊಟ್ಟು ಚೀಟಿ ಬರೆಸಿಕೊಳ್ಳಿ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಬೇಡ. ವರ್ಗಾವಣೆಗೆ ನಮೂನೆ 29 ಎರಡು ಪ್ರತಿ, ನಮೂನೆ 30. ಮಾರಿದವರು 14 ದಿನದೊಳಗೆ ತಿಳಿಸಬೇಕು, ಕೊಂಡ ನೀವು 30 ದಿನದೊಳಗೆ. ಚಾಸಿ ಸಂಖ್ಯೆಯ ಪೆನ್ಸಿಲ್ ಅಚ್ಚು ಕೊಡಬೇಕಾಗುತ್ತದೆ, ಆ ಸಂಖ್ಯೆ ಓದಲು ಬರುತ್ತದೆಯೇ ಈಗಲೇ ನೋಡಿ. ಕೆಂಪು ಮಣ್ಣಿನ ಗಾಡಿಗಳಲ್ಲಿ ಅದನ್ನು ಉತ್ಖನನ ಮಾಡಬೇಕಾಗುತ್ತದೆ.

ಗಂಗಾವತಿ ಸಣ್ಣಕ್ಕಿ

ಅಣ್ಣಂದಿರೇ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ದೆಹಲಿಯಲ್ಲಿ ಇಂಥ ಗಾಡಿಗಳು ಇದರ ಅರ್ಧ ಬೆಲೆಗೆ ಸಿಗುತ್ತವೆಯಂತೆ. ಅಲ್ಲಿಂದಲೇ ತರಬಾರದೇಕೆ? ಹತ್ತು ವರ್ಷದ ಡೀಸೆಲ್ ಗಾಡಿಗಳನ್ನು ಇಲ್ಲಿಯೂ ನಿಲ್ಲಿಸುತ್ತಾರಂತೆ, ನಿಜವೇ?

ಕಾಗದಪತ್ರ, ಕೊಪ್ಪಳ

ತಮ್ಮ, ಹತ್ತು ವರ್ಷದ ನಿರ್ಬಂಧ ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದ್ದು. 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕರ್ನಾಟಕದಲ್ಲಿ ಆ ನಿಯಮವಿಲ್ಲ. ಅಲ್ಲಿ ಅಗ್ಗವಾಗಲು ಕಾರಣವೂ ಅದೇ. ಆದರೆ ಅಲ್ಲಿನ ಎನ್‌ಒಸಿ, ಇಲ್ಲಿನ ಆಜೀವ ತೆರಿಗೆ, ಹೊಸ ನಂಬರು, ಸಾಗಿಸುವ ಖರ್ಚು, ದಲ್ಲಾಳಿ ಎಲ್ಲ ಕೂಡಿಸಿದ ಮೇಲೆ ಆ ಅರ್ಧ ಬೆಲೆ ಎಲ್ಲಿ ನಿಲ್ಲುತ್ತದೆ ಎಂದು ಕೂತು ಲೆಕ್ಕ ಹಾಕು. ಕಣ್ಣಾರೆ ನೋಡದೆ, ಫೋಟೊ ನೋಡಿ ಹಣ ಕಳಿಸಬೇಡ.

ಎರೆಹೊಲ, ಬಳ್ಳಾರಿ

ಮೂರು ವಾರ ಸುಮ್ಮನಿದ್ದದ್ದಕ್ಕೆ ಕ್ಷಮಿಸಿ. ಎನ್‌ಒಸಿ ಬಂತು. ಇಟ್ಟಿಗೆಯ ಬಿಲ್ಲೆ, ಚೈನಿನ ಸದ್ದು, ಟೈರಿನ ವಯಸ್ಸು ಮೂರನ್ನೂ ಮೇಜಿನ ಮೇಲಿಟ್ಟು ಮಾತನಾಡಿದೆ. 3.9 ಲಕ್ಷಕ್ಕೆ ಮುಗಿಯಿತು. ಗಾಡಿ ಈಗ ಕೌಲ್ ಬಜಾರಿನ ಒಬ್ಬ ಮೇಸ್ತ್ರಿಯ ಹತ್ತಿರ ನಿಂತಿದೆ. ಅರವತ್ತು ದಾಟಿದ ಅವರನ್ನು ಎಲ್ಲರೂ ಚಾಚಾ ಎನ್ನುತ್ತಾರೆ, ಗಣಿ ಕಾಲದಲ್ಲಿ ಇಂಥ ಗಾಡಿಗಳನ್ನು ಸಾಲಾಗಿ ನಿಲ್ಲಿಸಿಕೊಂಡವರು. ಇದನ್ನು ನೋಡಿ, ಹಳೆಯ ಪೇಷಂಟ್ ಬಂದ ಹಾಗೆ ಬೆನ್ನು ತಟ್ಟಿದರು.

ಹಳೇ ಬೆಲ್ಲದವರಿಗೆ ಬೇಸರವಾಗಬಹುದು, ಬಣ್ಣ ಕೊನೆಗೆ ಎಂದು ಚಾಚಾ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದರು. ‘ಮೊದಲು ನೀರು, ಆಮೇಲೆ ಎಣ್ಣೆ, ಆಮೇಲೆ ಬುಷ್ಷು. ಪೌಡರ್ ಮದುವೆ ದಿನ ಹಚ್ಚಿದರೆ ಸಾಕು.’ ರೇಡಿಯೇಟರಿಗೆ ಹೊಸ ಕೋರ್, ವಾಟರ್ ಪಂಪ್, ಥರ್ಮೋಸ್ಟಾಟ್, ಎಲ್ಲ ಹೋಸ್ ಪೈಪುಗಳು, ಫ್ಯಾನಿನ ವಿಸ್ಕಸ್ ಕಪ್ಲಿಂಗ್. ನೀರಿನ ಬಾಬತ್ತಿಗೇ ನಲವತ್ತು ಸಾವಿರ ಮುಟ್ಟಿತು. ಚೈನು, ಟೆನ್ಷನರ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂದವು. ಒಂದು ಬಾಗಿಲ ಹಿಡಿಕೆ ಚೆನ್ನೈನ ಪುದುಪೇಟೆ ಗುಜರಿಯಿಂದ.

ಒಂದು ಸಮಸ್ಯೆ ಉಳಿದಿದೆ. ಗೇರಿನ ಪಕ್ಕದ ಸಣ್ಣ ಲಿವರನ್ನು ಎರಡು ಚಕ್ರದ ಎಳೆತದಿಂದ ನಾಲ್ಕು ಚಕ್ರಕ್ಕೆ, ಎಂದರೆ 2ಎಚ್‌ನಿಂದ 4ಎಚ್‌ಗೆ ಹಾಕಿದರೆ ಮೀಟರಿನಲ್ಲಿ ಮುಂದಿನ ಎರಡು ಚಕ್ರಗಳ ಹಸಿರು ದೀಪ ಮಿನುಗುತ್ತಲೇ ಇರುತ್ತದೆ, ಸ್ಥಿರವಾಗುವುದಿಲ್ಲ. ಒಬ್ಬರು ಗೇರ್‌ಬಾಕ್ಸೇ ಹೋಗಿದೆ, ಎಂಬತ್ತು ಸಾವಿರ ಎಂದರು. ಚಾಚಾ ಊರಿಗೆ ಹೋಗಿದ್ದಾರೆ. ಯಾರಿಗಾದರೂ ಗೊತ್ತೇ?

ಸಂಡೂರು ಘಟ್ಟ

ಎಂಬತ್ತು ಸಾವಿರದವರಿಗೆ ದೂರದಿಂದಲೇ ನಮಸ್ಕಾರ ಹೇಳಿ. ನಮ್ಮ ತಂದೆಯವರ ಬಳಿ ಇದೇ ಗಾಡಿ ಹನ್ನೊಂದು ವರ್ಷ ಇತ್ತು, ಓಡಿಸುವುದನ್ನು ಕಲಿತದ್ದೇ ನಾನು ಅದರಲ್ಲಿ.

2ಎಚ್‌ನಲ್ಲಿ ಮುಂದಿನ ಆಕ್ಸಲ್ ಕಳಚಿಕೊಂಡಿರುತ್ತದೆ. 4ಎಚ್‌ಗೆ ಹಾಕಿದಾಗ ಅದನ್ನು ಮತ್ತೆ ಜೋಡಿಸುವುದು ಮೋಟಾರಲ್ಲ, ವ್ಯಾಕ್ಯೂಮ್, ಎಂದರೆ ಗಾಳಿ ಹೀರುವ ಸೆಳೆತ. ಬಾನೆಟ್ ಒಳಗೆ ಪಕ್ಕದಲ್ಲಿ ಕರೆಂಟಿನಿಂದ ತೆರೆದು ಮುಚ್ಚುವ ಎರಡು ಸಣ್ಣ ಸೊಲೆನಾಯ್ಡ್ ವಾಲ್ವ್ ಇವೆ, ಅಲ್ಲಿಂದ ಪೆನ್ಸಿಲಿಗಿಂತ ತೆಳ್ಳನೆಯ ರಬ್ಬರ್ ನಳಿಕೆಗಳು ಮುಂದಿನ ಆಕ್ಸಲ್ಲಿನ ಆಕ್ಚುವೇಟರಿಗೆ ಇಳಿಯುತ್ತವೆ. ನಮ್ಮ ಬಿಸಿಲಿಗೆ ಆ ನಳಿಕೆಗಳು ಒಣಗಿ ಸೀಳುತ್ತವೆ. ವ್ಯಾಕ್ಯೂಮ್ ಮುಟ್ಟುವುದಿಲ್ಲ, ಆಕ್ಸಲ್ ಜೋಡುವುದಿಲ್ಲ, ದೀಪ ಮಿನುಗುತ್ತದೆ. ಅಷ್ಟೇ. ಮೊದಲು ಮೀಟರ್ ಲೆಕ್ಕದಲ್ಲಿ ನಳಿಕೆ ತಂದು ಎಲ್ಲವನ್ನೂ ಬದಲಿಸಿ. ಆಗಲೂ ಮಿನುಗಿದರೆ ಸೊಲೆನಾಯ್ಡ್ ನೋಡಿ.

ಎರೆಹೊಲ, ಬಳ್ಳಾರಿ

ಅಕ್ಕ, ನಿಮ್ಮ ಬಾಯಿಗೆ ಸಕ್ಕರೆ. ಚಾಚಾ ಬಂದವರೇ ನಿಮ್ಮ ಬರಹ ಓದಿಸಿಕೊಂಡು ನಕ್ಕರು. ಒಂದೊಂದೇ ನಳಿಕೆಯನ್ನು ಕಿತ್ತು, ತುದಿಯನ್ನು ಬಾಯಲ್ಲಿಟ್ಟು ಹೀರಿ, ನಾಲಿಗೆಯಿಂದ ಮುಚ್ಚಿ ಹಿಡಿದರು. ಸರಿಯಿದ್ದ ನಳಿಕೆ ನಾಲಿಗೆಗೆ ಕಚ್ಚಿಕೊಂಡು ನೇತಾಡಿತು. ಮೂರನೆಯದು ನಿಲ್ಲದೆ ಕಳಚಿ ಬಿತ್ತು. ಅದನ್ನು ಬಗ್ಗಿಸಿ ಬೆಳಕಿಗೆ ಹಿಡಿದಾಗ ಮಡಿಕೆಯಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ನಳಿಕೆಗಳ ಒಟ್ಟು ಬೆಲೆ 340 ರೂಪಾಯಿ. ದೀಪ ಎರಡು ಸಲ ಮಿನುಗಿ ನಿಂತಿತು.

ಮಾನ್ವಿ ರಸ್ತೆ, ರಾಯಚೂರು

340 ರೂಪಾಯಿ! ನನ್ನ ಗಾಡಿಯ ಕಂಪ್ಯೂಟರಿಗೆ ಕೈಮುಗಿಯಲೂ ಅಷ್ಟರಲ್ಲಿ ಆಗುತ್ತಿರಲಿಲ್ಲ. ಹೊಟ್ಟೆ ಉರಿಯುತ್ತಿದೆ, ಮುಂದುವರಿಸಿ.

ಸಂಡೂರು ಘಟ್ಟ

ಲಿವರ್ ಬಳಸುವ ಕ್ರಮವನ್ನೂ ಹೇಳಿಬಿಡುತ್ತೇನೆ, ಗಾಡಿ ಕೊಂಡವರಲ್ಲಿ ಅರ್ಧ ಜನ ಅದನ್ನು ಮುಟ್ಟಲೇ ಹೆದರುತ್ತಾರೆ, ಇನ್ನರ್ಧ ಜನ ಮುರಿಯುತ್ತಾರೆ. 4ಎಚ್‌ನಲ್ಲಿ ಡಾಂಬರು ರಸ್ತೆಯ ಮೇಲೂ ಓಡಿಸಬಹುದು, ಮಳೆಯಲ್ಲಿ ಸಂಡೂರಿನ ಘಟ್ಟದ ತಿರುವುಗಳಲ್ಲಿ ನಾನು ಹಾಗೆಯೇ ಇಳಿಯುತ್ತಿದ್ದೆ. ಅದರ ಮುಂದಿನದು 4ಎಚ್‌ಎಲ್‌ಸಿ, ಮುಂದಿನ ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ನಡುವಿನ ಡಿಫರೆನ್ಷಿಯಲ್ ಲಾಕ್ ಆಗಿ ಬಿಗಿಯಾಗುತ್ತದೆ. ಅದು ಕೆಸರು, ಮರಳಿಗೆ ಮಾತ್ರ. ಡಾಂಬರಿನ ಮೇಲೆ ಹಾಗೆ ತಿರುವು ತೆಗೆದುಕೊಂಡರೆ ಒಳಗಿನ ಹಲ್ಲುಗಳು ಒಂದರ ಮೇಲೊಂದು ಜಿದ್ದಿಗೆ ಬಿದ್ದು ಸವೆಯುತ್ತವೆ. ಕೊನೆಯದು 4ಎಲ್‌ಎಲ್‌ಸಿ, ಲಾಕ್ ಜೊತೆಗೆ ನಿಧಾನದ, ಹೆಚ್ಚು ಬಲದ ಗೇರು, ಗಾಡಿ ಪೂರ್ತಿ ನಿಲ್ಲಿಸಿ ಕ್ಲಚ್ ಒತ್ತಿಯೇ ಹಾಕಬೇಕು.

ಎರೆ ಮಣ್ಣಿಗೆ ಒಂದು ಮಾತು. ಲಾಕ್ ಹಾಕುವುದು ಕೆಸರಿಗೆ ಇಳಿಯುವ ಮೊದಲು. ಹೂತ ಮೇಲೆ ಹಾಕಿದರೆ ಸಂತೆ ಮುಗಿದ ಮೇಲೆ ಚೀಲ ಹಿಡಿದು ಹೋದ ಹಾಗೆ. ನಾಲ್ಕೂ ಟೈರು ಒಂದೇ ಕಂಪನಿ, ಒಂದೇ ಅಳತೆ, ಒಂದೇ ಸವೆತ ಇರಲಿ. ಎರಡು ಹೊಸದು ಎರಡು ಹಳೆಯದು ಹಾಕಿದರೆ ಮುಂದಿನ ಹಿಂದಿನ ಚಕ್ರಗಳ ಸುತ್ತು ಹೊಂದದೆ ನಡುವಿನ ವಿಸ್ಕಸ್ ಕಪ್ಲಿಂಗ್ ಸುಮ್ಮಸುಮ್ಮನೆ ಬಿಸಿಯಾಗುತ್ತಿರುತ್ತದೆ.

ಎರೆಹೊಲ, ಬಳ್ಳಾರಿ

ಐದು ಟೈರು ಹಾಕಿಸಿದೆ, ಸ್ಟೆಪ್ನಿ ಸೇರಿ. ಅದರ ಬೆಲೆ ಮನೆಯಲ್ಲಿ ಗೊತ್ತಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಷಾರ್ಜಾದಲ್ಲಿರುವ ನನ್ನ ಭಾವ ಮುಂದಿನ ತಿಂಗಳು ಬರುತ್ತಿದ್ದಾನೆ. ಅಲ್ಲಿ ಈ ಗಾಡಿಗಳು ಬೇಕಾದಷ್ಟಿವೆಯಂತೆ. ನನ್ನ ಹೆಡ್‌ಲೈಟು ಹಳದಿಯಾಗಿದೆ, ಒಂದು ಜೊತೆ ತರಲೇ ಎಂದು ಕೇಳುತ್ತಿದ್ದಾನೆ. ಒಳಗಿನ ಡ್ಯಾಷ್‌ಬೋರ್ಡೂ ಸೀಳಿದೆ.

ತೋರಣಗಲ್ಲು ಡೀಸೆಲ್

ಹೆಡ್‌ಲೈಟ್ ಖಂಡಿತ ಬೇಡ. ಅಲ್ಲಿ ಬಲಗಡೆ ಓಡಿಸುತ್ತಾರೆ. ಡಿಮ್ ಮಾಡಿದಾಗ ಬೆಳಕು ರಸ್ತೆಯ ಅಂಚಿನ ಕಡೆ ವಾಲುವಂತೆ ಆ ಗಾಜು, ಆ ಪ್ರತಿಫಲಕ ಮಾಡಿರುತ್ತಾರೆ. ಅಲ್ಲಿನ ಅಂಚು ಬಲಕ್ಕೆ. ಅದನ್ನು ಇಲ್ಲಿ ಹಾಕಿದರೆ ನೀವು ಡಿಮ್ ಮಾಡಿದಾಗಲೆಲ್ಲ ಎದುರಿನ ಲಾರಿಯವನ ಕಣ್ಣಿಗೇ ಟಾರ್ಚ್ ಬಿಟ್ಟ ಹಾಗೆ. ಅವನು ನಿಮಗೆ ಫುಲ್ ಲೈಟಿನಲ್ಲಿ ಉತ್ತರ ಕೊಡುತ್ತಾನೆ. ಡ್ಯಾಷ್‌ಬೋರ್ಡಿನಲ್ಲಿ ಸ್ಟೀರಿಂಗ್ ಎಡಕ್ಕಿರುತ್ತದೆ, ಕೂರುವುದೇ ಇಲ್ಲ. ಎಂಜಿನ್ ಭಾಗಗಳೂ ಬೇಡ, ಅಲ್ಲಿ ಹೆಚ್ಚಾಗಿ ಓಡಿದ್ದು ಪೆಟ್ರೋಲ್ ವಿ6. ತರಿಸುವುದಾದರೆ ಹಿಂದಿನ ದೀಪ, ಬಾಗಿಲಿನ ರಬ್ಬರ್ ಬೀಡಿಂಗ್, ಕಿಟಕಿಯ ಪಟ್ಟಿ. ಬೀಡಿಂಗ್ ಮಾತ್ರ ಮರೆಯದೆ ತರಿಸಿ, ಇಲ್ಲಿ ಲಾರಿಯ ಬೀಡಿಂಗ್ ಕತ್ತರಿಸಿ ಅಂಟಿಸುತ್ತಾರೆ, ಮೊದಲ ಮಳೆಗೆ ಕಾಲ ಬುಡದಲ್ಲಿ ತುಂಗಭದ್ರೆ.

ಹಳೇ ಬೆಲ್ಲ, ಹೊಸಪೇಟೆ

ಇರುವ ಹೆಡ್‌ಲೈಟನ್ನೇ ನೀರು ಹಾಕಿ ನಯವಾದ ಪಾಲಿಷ್ ಕಾಗದದಿಂದ ತಿಕ್ಕಿ, ಕಾಂಪೌಂಡ್ ಹಚ್ಚಿಸಿ. ಹಳದಿ ಬಿಡುತ್ತದೆ. ಆ ಕಪ್ಪು ಫಿಲ್ಮ್ ತೆಗೆದಿರಾ? ತೆಗೆಯುವಾಗ ಹಿಂದಿನ ಗಾಜಿಗೆ ಬ್ಲೇಡ್ ಮುಟ್ಟಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅಲ್ಲಿ ಮಂಜು ಕರಗಿಸುವ ಸಣ್ಣ ತಂತಿಯ ಗೆರೆಗಳಿರುತ್ತವೆ, ಒಂದು ಗೆರೆ ಕಿತ್ತರೆ ಅದು ಸತ್ತ ಹಾಗೆ.

ಎರೆಹೊಲ, ಬಳ್ಳಾರಿ

ನಿಮ್ಮ ಮಾತು ತಡವಾಗಿದ್ದರೆ ಬ್ಲೇಡ್ ಇಟ್ಟೇಬಿಡುತ್ತಿದ್ದೆ. ಭಾನುವಾರ ಇಡೀ ಅದೇ ಕೆಲಸ. ಮಗಳ ಹೇರ್ ಡ್ರೈಯರ್ ಹಿಡಿದು ಮೂಲೆ ಕಾಯಿಸಿ, ಉಗುರಿನಿಂದ ಎಬ್ಬಿಸಿ, ಬಾಳೆ ಎಲೆ ಸೀಳುವಷ್ಟು ನಿಧಾನವಾಗಿ ಎಳೆದೆ. ಫಿಲ್ಮ್ ಬಂತು, ಅಂಟು ಅಲ್ಲೇ ಉಳಿಯಿತು. ಸೋಪು ನೀರು, ಪ್ಲಾಸ್ಟಿಕ್ ಸ್ಕೇಲು, ಮತ್ತೆ ಸೋಪು ನೀರು. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಗಾಜು ತೆರೆಯಿತು, ಗೆರೆಗಳೆಲ್ಲ ಉಳಿದಿವೆ. ಹತ್ತೊಂಬತ್ತು ವರ್ಷದ ಗಾಡಿಯ ಒಳಗೆ ಮೊದಲ ಸಲ ಬಿಸಿಲು ಬಿದ್ದ ಹಾಗಿತ್ತು. ಸೀಟಿನ ಬಟ್ಟೆ ಬೂದು ಬಣ್ಣವೆಂದು ತಿಳಿದಿದ್ದೆ, ಅದು ತಿಳಿ ಕೆನೆ ಬಣ್ಣ.

ಕಾರ್ಪೆಟ್ ಎತ್ತಿದಾಗ ಸಿಕ್ಕ ಕೆಂಪು ಧೂಳು ಒಂದು ಬಕೆಟ್ ತುಂಬಿತು. ಸಿಮೆಂಟ್ ಬಣ್ಣದ ನೆಲಕ್ಕೆ ಸುರಿದದ್ದು ಇನ್ನೂ ಹೋಗಿಲ್ಲ, ಮನೆಯವಳು ಅದನ್ನು ದಾಟುವಾಗಲೆಲ್ಲ ನನ್ನ ಕಡೆ ನೋಡುತ್ತಾಳೆ. ಚಾಸಿಯ ಪೆಟ್ಟಿಗೆಗಳೊಳಗೂ ಅದೇ. ಪ್ರೆಷರ್ ನೀರು ಬಿಟ್ಟರೆ ಅರ್ಧ ಗಂಟೆ ಕುಂಕುಮದ ನೀರು ಹರಿಯಿತು. ಧೂಳು ಒಳಗೆ ಕೂತು ತೇವ ಹಿಡಿದಿಟ್ಟು ಹಿಂದಿನ ಚಕ್ರದ ಮೇಲೆ ಎರಡು ಕಡೆ ಅಂಗೈಯಗಲ ತುಕ್ಕು ತಿಂದಿದೆ. ಅಲ್ಲಿ ತಗಡು ಅಂಟಿಸಿ ಮೇಣ ಮೆತ್ತಲು ಹೊರಟಿದ್ದ ಟಿಂಕರಿಂಗ್ ಹುಡುಗನನ್ನು ಚಾಚಾ ಗದರಿದರು. ತುಕ್ಕಿನ ಭಾಗ ಕತ್ತರಿಸಿ, ಹೊಸ ತಗಡು ಬೆಸೆದು, ಒಳಗೂ ಪ್ರೈಮರ್ ಬಿಟ್ಟ ಮೇಲೆಯೇ ಬಣ್ಣದ ಮಾತು. ಚಾಸಿ ಸಂಖ್ಯೆಯನ್ನು ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ ಹಿಡಿದು ನಾನೇ ಅಗೆದು ತೆಗೆದೆ.

ಗಂಗಾವತಿ ಸಣ್ಣಕ್ಕಿ

ಅಣ್ಣ, ಒಟ್ಟು ಎಷ್ಟಾಯಿತು? ನಿಜ ಹೇಳಿ.

ಎರೆಹೊಲ, ಬಳ್ಳಾರಿ

ಏಳು ತಿಂಗಳಿಗೆ ಮೂರು ಲಕ್ಷದ ನಲವತ್ತು ಸಾವಿರ. ಗಾಡಿಯ ಬೆಲೆಗೆ ಹತ್ತಿರ. ಶುರುವಿನಲ್ಲಿ ನಾನು ಹಾಕಿಕೊಂಡ ಲೆಕ್ಕ ಒಂದೂವರೆ ಲಕ್ಷ. ಎಸಿಗೇ ಎರಡು ಸಲ ಖರ್ಚಾಯಿತು: ಮೊದಲ ಸಲ ಗ್ಯಾಸ್ ಮಾತ್ರ ತುಂಬಿಸಿ ಕೈ ತೊಳೆದುಕೊಂಡರು, ಸೋರಿಕೆ ಹಿಂದಿನ ಸೀಟಿನ ಬ್ಲೋವರಿಗೆ ಹೋಗುವ ಪೈಪಿನಲ್ಲಿತ್ತು. ನಿನ್ನ ಬಳಿ ಗಾಡಿಯ ಬೆಲೆ ಇದ್ದರೆ ಕೊಳ್ಳಬೇಡ. ಗಾಡಿಯ ಬೆಲೆ ಎರಡು ಸಲ ಇದ್ದರೆ ಮಾತನಾಡು.

ಎಫ್‌ಸಿ ಆಯಿತು, ಕೊಂಬು ಗುಜರಿಗೆ ಹೋಯಿತು. ಲೀಟರಿಗೆ ಒಂಬತ್ತು ಕೊಡುತ್ತಿದೆ, ಮೇ ತಿಂಗಳ ಮಧ್ಯಾಹ್ನ ಎಸಿ ಹಾಕಿ ಹೊಸಪೇಟೆಗೆ ಹೋಗಿ ಬಂದರೂ ಟೆಂಪರೇಚರ್ ಮುಳ್ಳು ಅರ್ಧದಿಂದ ಅಲುಗಲಿಲ್ಲ. ಈಗ ಮಳೆಗೆ ಕಾಯುತ್ತಿದ್ದೇನೆ.

ಎರೆಹೊಲ, ಬಳ್ಳಾರಿ

ಮಳೆ ಬಂತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಶುಕ್ರವಾರ ರಾತ್ರಿ ಚೆನ್ನಾಗಿ ಹೊಡೆಯಿತು. ಬೆಳಗ್ಗೆ ಪರೀಕ್ಷೆ ನೋಡೋಣವೆಂದು ಹೊಲಕ್ಕೆ ಹೋದೆ. ಅಕ್ಕ ಹೇಳಿದ ಹಾಗೆ ದಾರಿಯ ಬಾಯಲ್ಲೇ ನಿಂತು ಲಾಕ್ ಹಾಕಿದೆ. ದೀಪ ಮಿನುಗಿತು. ನಿಲ್ಲುತ್ತದೆಂದು ಕಾದೆ, ಮಿನುಗುತ್ತಲೇ ಇತ್ತು. ಅಷ್ಟು ಖರ್ಚು ಮಾಡಿದವನಿಗೆ ಹಿಂದಕ್ಕೆ ಹೋಗಲು ಮನಸ್ಸಾಗಲಿಲ್ಲ, ಇಳಿಸಿದೆ. ಅರವತ್ತು ಅಡಿ ಹೋಯಿತು. ಆಮೇಲೆ ಹಿಂದಿನ ಚಕ್ರಗಳು ಮಾತ್ರ ತಿರುಗಿ, ಟೈರಿನ ಗುಂಡಿಗಳೆಲ್ಲ ಎರೆ ತುಂಬಿ ಮುದ್ದೆಯಾಗಿ, ಎರಡು ಟನ್ನಿನ ಗಾಡಿ ಅಲ್ಲೇ ಕೂತಿತು. ಕೊನೆಗೆ ಅದೇ ಟ್ರ್ಯಾಕ್ಟರು, ಅದೇ ಸರಪಳಿ, ಅದೇ ಮನುಷ್ಯ. ಅವನು ಗಾಡಿಯನ್ನು ಒಮ್ಮೆ ಸುತ್ತಿ ಬಂದು, ‘ಹೊಸದು ಕೊಂಡಿರೇನು? ಇದು ದೊಡ್ಡದು, ಇನ್ನೂರು ಹೆಚ್ಚು ಕೊಡಬೇಕು’ ಎಂದ.

ಬಾನೆಟ್ ಎತ್ತಿದರೆ ಹೊಸ ನಳಿಕೆಗಳಲ್ಲಿ ಎರಡು ಅರ್ಧಕ್ಕೆ ಕತ್ತರಿಸಿದ್ದವು, ತುದಿಯಲ್ಲಿ ಹಲ್ಲಿನ ಗುರುತು. ಪಕ್ಕದಲ್ಲಿ ಕುಸುಬೆ ಸಿಪ್ಪೆಯ ಗುಡ್ಡೆ. ನಮ್ಮ ಗೋದಾಮಿನ ಇಲಿಗಳು ಅಲ್ಲಿ ಸಂಸಾರ ಹೂಡಿವೆ.

ಮಾನ್ವಿ ರಸ್ತೆ, ರಾಯಚೂರು

ಕ್ಷಮಿಸಿ ಅಣ್ಣ, ಆರು ವರ್ಷದಲ್ಲಿ ಇಷ್ಟು ನಕ್ಕಿರಲಿಲ್ಲ. ಚಾಚಾರ ವಿಳಾಸವನ್ನು ಖಾಸಗಿಯಾಗಿ ಕಳಿಸುತ್ತೀರಾ? ಸಿಂಧನೂರಿನಲ್ಲಿ ಒಂದು ನಿಂತಿದೆ. ಸುಮ್ಮನೆ ನೋಡಿ ಬರುತ್ತೇನೆ, ಅಷ್ಟೇ.

ಸಂಡೂರು ಘಟ್ಟ

ನಳಿಕೆ ಬದಲಿಸಿ, ಅದರ ಮೇಲೆ ವೈರಿಂಗ್‌ಗೆ ಹಾಕುವ ಸುಕ್ಕು ಪೈಪನ್ನು ಹೊದಿಸಿ. ಇಲಿಗೆ ಏನು ಮಾಡಿದಿರಿ?

ಎರೆಹೊಲ, ಬಳ್ಳಾರಿ

ಹೊದಿಸಿದೆ ಅಕ್ಕ. ಹೊಗೆಸೊಪ್ಪಿನ ಎಲೆ ಬಟ್ಟೆಯಲ್ಲಿ ಕಟ್ಟಿ ಬ್ಯಾಟರಿ ಪಕ್ಕ ಇಟ್ಟಿದ್ದೇನೆ. ರಾತ್ರಿ ಬಾನೆಟ್ ತೆರೆದಿಟ್ಟು ಮೇಲೊಂದು ಬಲ್ಬು ಉರಿಸಿದರೆ ಇಲಿ ಕೂರುವುದಿಲ್ಲ ಎಂದು ಚಾಚಾ ಹೇಳಿದರು, ಅದನ್ನೂ ಮಾಡುತ್ತಿದ್ದೇನೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಕೇಳಿದರು: ‘ಇನ್ನೂ ರಿಪೇರಿ ಮುಗಿದಿಲ್ಲವೇ?’